ಭೋಂಗಾ ಇಲ್ಲದ ಊರುಗಳಲ್ಲಿ ಕಾಕುವಿನ ಕಂಪನಿ

ಮೈದಾಹಿಟ್ಟನ್ನು ನೀರಿನಲ್ಲಿ ಕದಡಿ ಸಣ್ಣ ಉರಿಯ ಮೇಲಿಟ್ಟು ಕೈಯಾಡಿಸುತ್ತಿದ್ದರೆ, ಅದು ಅಂಟಾಗುವ ಸ್ವಲ್ಪ ಮೊದಲು ಒಂದು ವಾಸನೆ ಬರುತ್ತದೆ. ಹಸಿ ಹಿಟ್ಟಿನದೂ ಅಲ್ಲ, ಬೆಂದ ಹಿಟ್ಟಿನದೂ ಅಲ್ಲ. ಈ ಭಾನುವಾರ ಬೆಳಿಗ್ಗೆ ಧಾರವಾಡದ ನಮ್ಮ ಅಡುಗೆಮನೆಯಲ್ಲಿ ಆ ವಾಸನೆ ಎದ್ದಿತು. ಕಪಾಟು ಸ್ವಚ್ಛ ಮಾಡುವಾಗ ಸಿಕ್ಕ ಹಳೆಯ ಸೀಡಿ ಪೆಟ್ಟಿಗೆಯೊಂದರ ಹೆಸರಿನ ಚೀಟಿ ಎದ್ದು ಬಂದಿತ್ತು. ಅದನ್ನು ಮತ್ತೆ ಹಚ್ಚಬೇಕಿತ್ತು. ಅಂಗಡಿಯ ಗೋಂದು ಮನೆಯಲ್ಲೇ ಇತ್ತು. ಆದರೂ ಕೈ ಮೈದಾ ಡಬ್ಬಿಯ ಕಡೆಗೇ ಹೋಯಿತು... ಆ ಚೀಟಿಯನ್ನು ಮೊದಲ ಸಲ ಹಚ್ಚಿದ್ದೂ ಇಂಥ ಅಂಟಿನಿಂದಲೇ, ದಾಂಡೇಲಿಯಲ್ಲಿ, ಕಾಕುವಿನ ಮನೆಯ ಪಡಸಾಲೆಯಲ್ಲಿ ಕೂತು.

ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರೂ ಅವರು ನನಗೆ ರಕ್ತಸಂಬಂಧಿಯಲ್ಲ. ಕಾಗದ ಕಾರ್ಖಾನೆಯ ಕಾರ್ಮಿಕರ ಸಾಲುಮನೆಗಳಲ್ಲಿ ನಮ್ಮ ಪಕ್ಕದ ಮನೆಯವರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಬೆಳಗಾವಿ ಕಡೆಯಿಂದ ಮದುವೆಯಾಗಿ ಬಂದವರು. ಅವರ ಗಂಡ, ನಾವೆಲ್ಲ ಕಾಕಾ ಎನ್ನುತ್ತಿದ್ದವರು, ನನ್ನ ಅಪ್ಪನ ಜೊತೆ ಅದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಈ ಕಾಕು ತೊಂಬತ್ತರ ದಶಕದಲ್ಲಿ ಒಂದು ವಿಡಿಯೋ ಗೇಮ್ ಕಂಪನಿ ಕಟ್ಟಿದರು ಎಂದು ಹೇಳಿದರೆ ಈಗ ನನ್ನ ಜೊತೆ ಪಾಠ ಹೇಳುವವರು ನಗುತ್ತಾರೆ. ಅದು ಶುರುವಾದದ್ದೂ ನಗು ಬರುವ ಹಾಗೆಯೇ.

ಕಾಕಾನಿಗೆ ನೈಟ್ ಶಿಫ್ಟ್ ಇದ್ದ ವಾರ ಹಗಲು ನಿದ್ದೆ. ಸಾಲುಮನೆಯ ಮಕ್ಕಳಿಗೆ ಹಗಲೆಲ್ಲ ಗದ್ದಲ. ಗದರಿಸಿ ಸಾಕಾದ ಕಾಕು, ಗೋವಾಕ್ಕೆ ಹೋಗಿಬರುತ್ತಿದ್ದ ತಮ್ಮನಿಂದ ಒಂದು ಟಿವಿ ಗೇಮ್ ತರಿಸಿದರು. ಮಕ್ಕಳನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿ ಅದನ್ನು ಕೈಗೆ ಕೊಟ್ಟರು. ಟಿವಿಯ ದನಿ ಮಾತ್ರ ಪೂರ್ತಿ ಬಂದ್. ಗುಂಡು ಹಾರುತ್ತಿದ್ದವು, ಗೋಡೆ ಕುಸಿಯುತ್ತಿತ್ತು, ಮನೆಯಲ್ಲಿ ಸೂಜಿ ಬಿದ್ದರೂ ಕೇಳುತ್ತಿತ್ತು. ಈ ಆಟಗಳಿಗೆ ಸದ್ದಿದೆಯೆಂದು ನಮ್ಮ ಸಾಲಿನ ಮಕ್ಕಳಿಗೆ ಎಷ್ಟೋ ದಿನ ಗೊತ್ತೇ ಇರಲಿಲ್ಲ.

"ನಮ್ಮ ಕಂಪನಿ ಹುಟ್ಟಿದ್ದ ನಿಮ್ಮ ಕಾಕಾನ ನಿದ್ದಿಯಿಂದ," ಎಂದು ಕಾಕು ಮುಂದೆ ಬಂದವರಿಗೆಲ್ಲ ಹೇಳುತ್ತಿದ್ದರು. ಕಾಕಾ ಅದಕ್ಕೆ, "ಅಂದ್ರ ಬಂಡವಾಳ ನಂದು. ಲಾಭದಾಗ ಪಾಲು ಎಲ್ಲಿ?" ಎನ್ನುತ್ತಿದ್ದರು.

ನೋಡಿದವರು ಮನೆಗೂ ಬೇಕೆಂದರು. ಕಾಕು ಇನ್ನೆರಡು ಸೆಟ್ಟು, ಒಂದಿಷ್ಟು ಆಟದ ಕ್ಯಾಸೆಟ್ಟು ತರಿಸಿ ಬಾಡಿಗೆಗೆ ಕೊಡತೊಡಗಿದರು. ಬಾಡಿಗೆ ದಿನದ ಲೆಕ್ಕದಲ್ಲಿ ಅಲ್ಲ, ಶಿಫ್ಟಿನ ಲೆಕ್ಕದಲ್ಲಿ. ಕಾರ್ಖಾನೆಯ ಸೈರನ್ನಿಗೆ ನಮ್ಮಲ್ಲಿ ಭೋಂಗಾ ಎನ್ನುತ್ತಿದ್ದರು. ಅನ್ನಕ್ಕೆ ಇಡುವುದು, ಮಕ್ಕಳನ್ನು ಎಬ್ಬಿಸುವುದು, ಕಟ್ಟೆಯ ಮೇಲಿನ ಹರಟೆ ಮುಗಿಸುವುದು ಎಲ್ಲವೂ ಭೋಂಗಾದ ಮೇಲೆಯೇ. ಒಂದು ಭೋಂಗಾಕ್ಕೆ ಒಯ್ದ ಕ್ಯಾಸೆಟ್ಟನ್ನು ಮುಂದಿನ ಭೋಂಗಾಕ್ಕೆ ತಂದುಕೊಡಬೇಕು, ಇಷ್ಟೇ ನಿಯಮ. ಯಾರೂ ತಡ ಮಾಡುತ್ತಿರಲಿಲ್ಲ. ಊರಿಗೆಲ್ಲ ಕೇಳುವ ಭೋಂಗಾ ನನ್ನ ಕಿವಿಗೆ ಬೀಳಲಿಲ್ಲ ಎನ್ನಲು ಯಾರಿಗೆ ಬಾಯಿ ಬಂದೀತು?

ನಾನು ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿ ಮನೆಗೆ ಬಂದು ಕೂತದ್ದು ಆ ದಿನಗಳಲ್ಲಿ. ಒಂದು ಮಧ್ಯಾಹ್ನ ಕಾಕು ಕ್ಯಾಸೆಟ್ಟುಗಳ ಬುಟ್ಟಿಯನ್ನೇ ತಂದು ನನ್ನ ಮುಂದಿಟ್ಟರು. ಅವುಗಳ ಮೇಲೆ ಯಾವ ಭಾಷೆಯೆಂದು ಗೊತ್ತಾಗದ ಅಕ್ಷರಗಳಿದ್ದವು.

"ಯೂನಿವರ್ಸಿಟಿ ತನಕ ಕಲ್ತಾಕಿ ನೀ. ಇವಕ್ಕೊಂದೊಂದು ಹೆಸರ ಇಡು. ಹೆಂಗ ಆಡೂದಂತ ಒಂದ ಚೀಟಿನೂ ಬರಿ."

ಬರೆದೆ. ವಿದ್ಯೆಯೆಲ್ಲ ಖರ್ಚು ಮಾಡಿ ಬರೆದೆ. 'ಆಟಗಾರನು ತನ್ನ ಎಡಗೈಯ ಹೆಬ್ಬೆರಳಿನಿಂದ ದಿಕ್ಕುಗಳನ್ನು ನಿಯಂತ್ರಿಸತಕ್ಕದ್ದು' ಎಂಬಂಥ ವಾಕ್ಯಗಳು. ಕಾಕು ಓದಿ ಮುಗಿಸಿ, ಕನ್ನಡಕ ತೆಗೆದು ನನ್ನನ್ನು ನೋಡಿದರು.

"ತಂಗಿ, ಇದನ್ನ ಓದಿ ಮುಗಿಸೂದ್ರಾಗ ಭೋಂಗಾ ಆಗತೈತಿ. ನಿಮ್ಮವ್ವಗ ಹೆಂಗ ಹೇಳ್ತಿ, ಹಂಗ ಬರಿ."

ಅವ್ವನಿಗೆ ಹೇಳುವಂತೆ ಬರೆದ ಆ ಚೀಟಿಗಳನ್ನು ಹಳಿಯಾಳದ ಒಂದು ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದೆವು. ಕಾಕು ಅಂಟು ಕುದಿಸುವುದು, ನಾನು ಹಚ್ಚುವುದು. ಚೀಟಿ ಸ್ವಲ್ಪ ಸೊಟ್ಟಗಾದರೂ ಕಿತ್ತು ಮತ್ತೆ ಹಚ್ಚಿಸುತ್ತಿದ್ದರು. ಹಚ್ಚಿದ ಮೇಲೆ ಅಂಗೈ ಊರಿಕೊಂಡು ಕೂಡಬೇಕು, ಆರುವ ತನಕ. ಹಾಗೆ ಕೂತಿದ್ದ ಒಂದು ದಿನವೇ ಅವರು ಆ ಮಾತು ಹೇಳಿದ್ದು.

"ಮಂದಿ ಕೂಸಿಗೆ ನಾವು ಹೆಸರಿಡಾಕತ್ತೇವಿ. ಒಂದಿನ ನಮ್ಮ ಕೂಸಿಗೆ ನಮ್ಮ ಹೆಸರ ಇಡಬೇಕು. ನಮ್ಮ ಆಟ, ನಮ್ಮ ಪೆಟಗಿ, ಮ್ಯಾಲ ನಮ್ಮ ಕಂಪನಿ ಹೆಸರು."

ಕಂಪನಿಗೆ ಆಗ ಹೆಸರೇ ಇರಲಿಲ್ಲ. ಆದರೆ ಕಾಕುವಿನ ಮುಖದಲ್ಲಿ ಅದು ಆಸೆಯಂತೆ ಕಾಣಲಿಲ್ಲ. ನಾಳೆ ಮಾಡಬೇಕಾದ ಕೆಲಸವನ್ನು ಹೇಳುವವರ ಮುಖವಿತ್ತು. ಅಥವಾ ಮುಂದೆ ಆದದ್ದನ್ನೆಲ್ಲ ನೋಡಿದ ನಾನು ಆ ಮುಖವನ್ನು ಈಗ ಹಾಗೆ ತಿದ್ದಿಕೊಂಡಿದ್ದೇನೋ...

ದಾಂಡೇಲಿ ಸಾಲದಾಯಿತು. ಹಳಿಯಾಳದಲ್ಲೊಂದು, ಮುಂಡಗೋಡದಲ್ಲೊಂದು ಅಂಗಡಿ ತೆರೆದರು. ಅದೇ ಕ್ಯಾಸೆಟ್ಟು, ಅದೇ ಚೀಟಿ, ಅದೇ ನಿಯಮ. ಒಯ್ದವರು ತಿರುಗಿ ಬರಲೇ ಇಲ್ಲ. ಮುಂಡಗೋಡದ ಅಂಗಡಿಯಂತೂ ಖಾಲಿ ಹಲಗೆಗಳಿಗೆ ಬಂದು ಮುಟ್ಟಿತು. ಕಾಕು ನನ್ನನ್ನು ಕರೆದುಕೊಂಡು ಮುಂಡಗೋಡದ ಹತ್ತಿರದ ಮಳಗಿ ಎಂಬ ಊರಿಗೆ ಹೊರಟರು, ಅಲ್ಲಿ ಒಂದೇ ಓಣಿಗೆ ಹಲವು ಕ್ಯಾಸೆಟ್ಟು ಹೋಗಿದ್ದವೆಂದು. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಜೋಡಿಸಿಕೊಳ್ಳುತ್ತಿದ್ದರು.

ಮೊದಲ ಮನೆಯಲ್ಲೇ ಒಬ್ಬ ಹೆಣ್ಣುಮಗಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಕ್ಯಾಸೆಟ್ಟು ಕೇಳಿದ ಕೂಡಲೇ ಒಳಗಿನಿಂದ ತಂದಳು. ಹಸನಾದ ಅರಿವೆಯಲ್ಲಿ ಸುತ್ತಿ ಜೋಪಾನವಾಗಿಟ್ಟಿದ್ದಳು.

"ಮತ್ತ ಯಾಕ ತಂದ ಕೊಡ್ಲಿಲ್ಲವಾ?" ಎಂದರು ಕಾಕು.

"ಚೀಟಿಯೊಳಗ ಬರದದ್ದು ನೋಡ್ರಿ. ಭೋಂಗಾ ಆಗೂದ್ರೊಳಗ ತಂದ ಕೊಡ್ರಿ ಅಂತೈತಿ. ನಾವು ಕಿವಿ ಕೊಟ್ಟ ಕುಂತೇವಿ. ಇನ್ನೂ ಆಗಿಲ್ಲಲ್ರೀ!"

ಕಾಕುವಿಗೆ ಎಂಥ ನಗು ಬಂದಿತೆಂದರೆ ಆ ಮನೆಯ ಕಟ್ಟೆಯ ಮೇಲೆಯೇ ಕೂತುಬಿಟ್ಟರು. ಭೋಂಗಾ ಇಲ್ಲದ ಊರೂ ಇರುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ. ಧಾರವಾಡದಲ್ಲಿ ಎರಡು ವರ್ಷ ಭೋಂಗಾ ಇಲ್ಲದೆ ಓದಿ ಬಂದ ನನಗೂ ಹೊಳೆಯಲಿಲ್ಲ ಎಂಬುದು ಈಗ ಸೋಜಿಗವೆನಿಸುತ್ತದೆ. ದಾಂಡೇಲಿಯ ಬಸ್ಸಿನಿಂದ ಇಳಿದ ಕೂಡಲೇ ಕಿವಿಗೆ ಹಳೆಯ ಗಡಿಯಾರವೇ ಬಂದು ಕೂತಿತ್ತೆಂದು ಕಾಣುತ್ತದೆ.

ನಗು ಮುಗಿದ ಮೇಲೆ ಕಾಕು ಮಾಡಿದ್ದು ಇನ್ನೂ ದೊಡ್ಡ ಎಡವಟ್ಟು. ಊರಿಗೆ ಭೋಂಗಾ ಇಲ್ಲದಿದ್ದರೆ ನಾವೇ ಕೊಡೋಣ ಎಂದರು. ಗುಜರಿ ಅಂಗಡಿಯಿಂದ ಕೈಯಿಂದ ತಿರುಗಿಸುವ ಒಂದು ಸೈರನ್ ಹುಡುಕಿ ತಂದು ಹಳಿಯಾಳದ ಅಂಗಡಿಯ ಮಾಳಿಗೆಯ ಮೇಲೆ ಕೂರಿಸಿದರು. ಮೊದಲ ದಿನ ಮಧ್ಯಾಹ್ನ ಅದನ್ನು ತಿರುಗಿಸಿದ್ದು ಕಾಕಾ. ರಜೆ ಹಾಕಿ ಬಂದಿದ್ದರು. ಎಲ್ಲಿ ಬೆಂಕಿ ಬಿತ್ತು ಎಂದು ಪೇಟೆಯ ಮಂದಿ ಕೊಡ ಹಿಡಿದು ಓಡಿ ಬಂದರು. ಮಕ್ಕಳು ಶಾಲೆ ಬಿಟ್ಟಿತೆಂದು ತಿಳಿದು ಪಾಟೀಚೀಲದೊಂದಿಗೆ ಹೊರಗೆ ನುಗ್ಗಿದರು. ಕಡೆಗೆ ಒಬ್ಬ ಹವಾಲ್ದಾರರು ಬಂದರು.

"ಏನವಾ ಇದು, ಯುದ್ಧ ಗಿದ್ಧ ಶುರು ಆತೇನು?"

"ಇಲ್ರೀ ಸಾಹೇಬ್ರ. ಶಿಫ್ಟ್ ಬಿಟ್ಟೈತಿ."

"ಯಾವ ಶಿಫ್ಟ್? ಯಾವ ಕಾರ್ಖಾನಿ?"

"ಆಟದ್ದು," ಎಂದರು ಕಾಕು.

ಸೈರನ್ ಮತ್ತೆ ಕೂಗಲಿಲ್ಲ. ಆದರೆ ಮರುದಿನದಿಂದ ಹಳಿಯಾಳದಲ್ಲಿ ಯಾರನ್ನು ಕೇಳಿದರೂ 'ಭೋಂಗಾದ ಅಂಗಡಿ' ಎಂದೇ ದಾರಿ ತೋರಿಸತೊಡಗಿದರು. ನನಗೆ ನಾಚಿಕೆಯಾಗಿತ್ತು. ಕಾಕು ಮಾತ್ರ ಪೇಂಟರನನ್ನು ಕರೆಸಿ ಬೋರ್ಡು ಬರೆಸಿದರು: ಭೋಂಗಾ ಗೇಮ್ಸ್. "ಮಂದಿ ಫುಕಟ ಹೆಸರ ಇಟ್ಟಾರ, ಬಿಡೂದ್ಯಾಕ?" ಎಂದರು.

ಆಮೇಲೆ ಅವರು ಒಂದು ವಾರ ಹಳಿಯಾಳದ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತರು. ಮಾರಾಟ ಮಾಡಲಿಲ್ಲ. ಊರು ಯಾವುದಕ್ಕೆ ಏಳುತ್ತದೆ, ಯಾವುದಕ್ಕೆ ಕೂಡುತ್ತದೆ ಎಂದು ನೋಡಿದರು. ಹಳ್ಳಿಗಳ ಮಂದಿ ಸಂತೆಗೆ ಬರುತ್ತಾರೆ, ಮುಂದಿನ ಸಂತೆಗೆ ಮತ್ತೆ ಬಂದೇ ಬರುತ್ತಾರೆ. ಹಾಗಾಗಿ ಹಳಿಯಾಳದಲ್ಲಿ ಬಾಡಿಗೆ ಸಂತೆಯಿಂದ ಸಂತೆಗೆ. ಮುಂಡಗೋಡ, ಮಳಗಿಯ ಕಡೆ ಬೆಳಿಗ್ಗೆ ಹಾಲು ಡೇರಿಗೆ ಬರುತ್ತದೆ. ಅಲ್ಲಿ ಹಾಲಿನ ಕ್ಯಾನಿನ ಜೊತೆಗೆ ಕ್ಯಾಸೆಟ್ಟು ತಿರುಗಿ ಬರತೊಡಗಿತು. ಜೊಯಿಡಾದಲ್ಲಿ ಅಂಗಡಿ ತೆರೆದಾಗ ನಿಯಮ ಬಸ್ಸಿನದು. ಬೆಳಗಿನ ಬಸ್ಸಿಗೆ ಬಂದ ಕ್ಯಾಸೆಟ್ಟು ಮರುದಿನದ ಅದೇ ಬಸ್ಸಿಗೆ ಹತ್ತಬೇಕು. ಚೀಟಿಯನ್ನು ಅಲ್ಲಿಗಾಗಿ ಕೊಂಕಣಿಯಲ್ಲಿ, ಕನ್ನಡ ಅಕ್ಷರಗಳಲ್ಲಿ ಬರೆಸಿದೆವು. ಆ ಬಸ್ಸಿನ ಕಂಡಕ್ಟರರಿಗೂ ಕಾಕುವಿಗೂ ದಿನಾ ಒಂದೇ ಜಗಳ.

"ನಿಮ್ಮ ಕ್ಯಾಸೆಟ್ಟಿಗೆ ಹಾಫ್ ಟಿಕೆಟ್ ತಗೋಬೇಕಾಗತೈತ್ರಿ ಕಾಕು."

"ತೊಡಿ ಮ್ಯಾಲ ಕುಂತದ್ದಕ್ಕ ಎಲ್ಲಿ ಟಿಕೆಟ್ರಿ?"

ನಾಲ್ಕು ಊರು, ನಾಲ್ಕು ನಿಯಮ. ಕ್ಯಾಸೆಟ್ಟುಗಳು ಹೋದ ದಾರಿಯಲ್ಲೇ ತಿರುಗಿ ಬಂದವು. ಕಂಪನಿ ನಿಜವಾಗಿ ಬೆಳೆದದ್ದು ಅಲ್ಲಿಂದ.

ಎರಡು ಸಾವಿರದ ಇಸವಿಯ ಆಸುಪಾಸಿಗೆ ಕಂಪ್ಯೂಟರು ಬಂದವು, ಸೀಡಿಗಳು ಬಂದವು. ಹುಬ್ಬಳ್ಳಿಯ ಒಂದು ಕಂಪ್ಯೂಟರ್ ಕ್ಲಾಸಿನ ಇಬ್ಬರು ಮೇಷ್ಟ್ರುಗಳು ಬಿಡುವಿನಲ್ಲಿ ಆಟ ಮಾಡುತ್ತಾರೆ, ಕೊಳ್ಳುವವರಿಲ್ಲ ಎಂದು ಕಾಕುವಿಗೆ ಯಾರಿಂದಲೋ ಗೊತ್ತಾಯಿತು. ಮರುದಿನವೇ ಹೋಗಿ ಕೂತರು. ಅವರು ಮಾಡಿದ್ದು ಯಾವುದೋ ನಕ್ಷತ್ರಲೋಕದ ಕಾಳಗ. ಕಾಕು ಅದನ್ನು ಕೊನೆಯವರೆಗೆ ನೋಡಿ, "ಬಸ್ಸ ಓಡಸೂದು ಮಾಡಾಕ ಬರತೈತೇನ್ರಿ?" ಎಂದು ಕೇಳಿದರು.

ಹಾಗೆ ಹುಟ್ಟಿದ್ದು ಬಸ್ಸಿನ ಆಟ. ದಾಂಡೇಲಿಯಿಂದ ಜೊಯಿಡಾದ ತನಕ ಕಾಡಿನ ದಾರಿಯಲ್ಲಿ ಬಸ್ಸು ಓಡಿಸಬೇಕು. ಸ್ಟಾಪಿನಲ್ಲಿ ಮಂದಿ ಹತ್ತುತ್ತಾರೆ, ಅವರ ಬುಟ್ಟಿ, ಕೋಳಿ, ಗ್ಯಾಸ್ ಸಿಲಿಂಡರು ಹತ್ತುತ್ತವೆ. ಕಾಡೆಮ್ಮೆ ಅಡ್ಡ ಬಂದರೆ ನಿಲ್ಲಿಸಿ ಕಾಯಬೇಕು, ಹಾರ್ನ್ ಹೊಡೆದರೆ ಅದು ಅಲ್ಲೇ ನಿಲ್ಲುತ್ತದೆ. ಕಾಕು ಹಾಕಿದ ಷರತ್ತು ಒಂದೇ. ಕರೆಂಟು ಹೋಗಿ ಬಂದರೆ ಬಸ್ಸು ಹಿಂದಿನ ಸ್ಟಾಪಿನಲ್ಲಿ, ಹತ್ತಿದ ಮಂದಿಯ ಸಮೇತ ನಿಂತಿರಬೇಕು. ಮೇಷ್ಟ್ರುಗಳು ಅದು ಕಷ್ಟವೆಂದರು. "ಕಷ್ಟ ಇರ್ಲಿ, ಆಗತೈತಿಲ್ಲ?" ಎಂದು ಕಾಕು ಕೇಳಿದರು. ಆಯಿತು.

ಇದು ಅವರು ಅಂಟು ಆರಿಸುತ್ತ ಹೇಳಿದ್ದ ಕೂಸು. ಇಷ್ಟು ವರ್ಷ ಕೂಡಿಟ್ಟದ್ದೆಲ್ಲ ಅದಕ್ಕೇ ಹೋಗಿತ್ತು. ಆದರೆ ನಾಲ್ಕು ಊರಿನಾಚೆಗೆ ಅದನ್ನು ಒಯ್ಯಲು ನಮ್ಮ ಹತ್ತಿರ ಜನರಿರಲಿಲ್ಲ. ಸೀಡಿ ಹಂಚುವ ದೊಡ್ಡ ವ್ಯಾಪಾರಿ ಹುಬ್ಬಳ್ಳಿಯ ಒಬ್ಬ ಸಾವ್ಕಾರ. ಅವರು ಹೇಳಿ ಕಳಿಸಿದ ಮಾತು ಸರಳವಾಗಿತ್ತು. ಆಟ ತೆಗೆದುಕೊಳ್ಳುತ್ತೇವೆ, ಪೆಟ್ಟಿಗೆಯ ಮೇಲೆ ನಮ್ಮ ಹೆಸರು ಮಾತ್ರ ಇರಬೇಕು.

ಮಾತಿಗೆ ದಾಂಡೇಲಿಗೇ ಕರೆಯೋಣ, ಇಲ್ಲಿನ ಆಫೀಸು ಚೆನ್ನಾಗಿದೆ ಎಂದೆ. ಕಾಕು ಒಪ್ಪಲಿಲ್ಲ. "ಹಳಿಯಾಳದಾಗ ಮಾಡೂಣು. ಊಟದ ಹೊತ್ತು ದಾಟಿದ ಮ್ಯಾಲ. ಅಲ್ಲಿ ಗಾಳಿ ಚಲೋ ಐತಿ."

ಸಾವ್ಕಾರರು ಕಾರಿನಲ್ಲಿ ಬಂದರು. ಬೋರ್ಡು ನೋಡಿಯೇ ಒಳಗೆ ಕಾಲಿಟ್ಟರು.

"ಅಕ್ಕಾರ, ಭೋಂಗಾ ಅಂದ್ರ ಮಂದಿ ನಗ್ತಾರ್ರೀ."

"ನಗಲಿ ಬಿಡ್ರಿ ಸಾವ್ಕಾರ್ರ. ನಕ್ಕದ್ದನ್ನ ಯಾರೂ ಮರಿಯೂದಿಲ್ಲ."

"ಅದಲ್ರೀ... ಇದೇನ ಕಂಪನಿ ಅಂತೀರಿ, ನಾಲ್ಕ ಅಂಗಡಿ. ಊರಿಗೊಂದು ರೂಲು. ನಮ್ಮ ಹೆಸರ ಇದ್ರ ಅಂಗಡಿಯವ್ರು ಕಣ್ಣ ಮುಚ್ಚಿ ತಗೋತಾರ."

"ಮೊದಲ ಆಡ್ರಿ. ಹೆಸರಿಂದು ಆಮ್ಯಾಲ ಮಾತಾಡೂಣು."

ಅವರು ಒಲ್ಲದ ಮನಸ್ಸಿನಿಂದಲೇ ಕಂಪ್ಯೂಟರಿನ ಮುಂದೆ ಕೂತರು. ಎರಡು ಸ್ಟಾಪು ದಾಟುವುದರಲ್ಲಿ ಕೋಟು ಬಿಚ್ಚಿ ಕುರ್ಚಿಗೆ ಹಾಕಿದ್ದರು. ಕಾಡೆಮ್ಮೆಗೆ ಬೈದರು. ಗಣೇಶಗುಡಿಯ ಸ್ಟಾಪಿನಲ್ಲಿ ಕೋಳಿಬುಟ್ಟಿಯ ಮುದುಕಿಯನ್ನು ಹತ್ತಿಸಿಕೊಂಡು, ಬಸ್ಸು ತುಂಬಿ, ಜೊಯಿಡಾ ಇನ್ನೇನು ಬಂತು ಎನ್ನುವಾಗ ಪರದೆ ಕಪ್ಪಾಯಿತು. ಫ್ಯಾನೂ ನಿಂತಿತು. ಹಳಿಯಾಳದ ಲೋಡ್ ಶೆಡ್ಡಿಂಗ್.

"ಅಯ್ಯ! ಜೊಯಿಡಾ ಕಾಣಾಕತ್ತಿತ್ತಲ್ರೀ!"

ಕಾಕು ಚಹಾ ತರಿಸಿದರು. ವ್ಯವಹಾರದ ಮಾತು ಎತ್ತಲೇ ಇಲ್ಲ. ಸಾವ್ಕಾರರ ಅತ್ತೆಮನೆ ಯಾವ ಊರು, ಮಗಳು ಏನು ಓದುತ್ತಾಳೆ ಎಂದು ಕೇಳುತ್ತ ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನನ್ನ ಸೀರೆ ಬೆನ್ನಿಗೆ ಅಂಟಿಕೊಂಡಿತ್ತು. ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಸಾವ್ಕಾರರು ಎದ್ದು ಕೋಟು ಕೈಗೆ ತೆಗೆದುಕೊಂಡರು.

"ನೋಡ್ರಿ ಅಕ್ಕಾರ, ಎಲ್ಲಾ ಆಟದ್ದೂ ಇದ ಹಣೇಬಾರ. ಕರೆಂಟ ಹೋತು, ಆಟಾ ಹೋತು. ಮತ್ತ ಮೊದಲಿಂದ ಆಡೂ ತಾಳ್ಮಿ ಯಾರಿಗೈತಿ?"

"ಕುಂದರ್ರಿ ಇನ್ನೊಂದ ಸ್ವಲ್ಪ. ಬರೂ ಹೊತ್ತಾತು."

ಬಂತು. ಫ್ಯಾನು ತಿರುಗಿತು. ಕಂಪ್ಯೂಟರು ಗುರುಗುಟ್ಟುತ್ತ ತನ್ನ ಪಾಡಿಗೆ ತಾನು ಎದ್ದಿತು. ಪರದೆಯ ಮೇಲೆ ಗಣೇಶಗುಡಿಯ ಸ್ಟಾಪು, ಅದರಲ್ಲಿ ನಿಂತ ಬಸ್ಸು. ಸಾವ್ಕಾರರು ಬಗ್ಗಿ ನೋಡಿದರು.

"ಕೋಳಿಬುಟ್ಟಿ ಮುದುಕಿನೂ ಅದಾಳಲ್ರೀ!"

"ಎಲ್ಲಿ ಹೋಗ್ತಾಳ್ರಿ? ಟಿಕೆಟ್ ತಗೊಂಡಾಳ."

ಅವರು ನಿಂತುಕೊಂಡೇ ಬಸ್ಸನ್ನು ಜೊಯಿಡಾಕ್ಕೆ ಮುಟ್ಟಿಸಿದರು. ಮುದುಕಿ ಇಳಿದ ಮೇಲೆ ತಿರುಗಿ, ನಮ್ಮ ಕಡೆಯ ಊರುಗಳಿಗೆಲ್ಲ ಇಂಥದ್ದೇ ಆಟ ಬೇಕು ಎಂದರು. ಕಾಕು ಬೀಸಣಿಗೆಯನ್ನು ಮಡಿಲಲ್ಲಿಟ್ಟರು.

"ಹಂಗಾದ್ರ ಹೇಳ್ರಿ, ಯಾರ ಹೆಸರು?"

ಸಾವ್ಕಾರರು ಬೋರ್ಡಿನ ಕಡೆ ಒಮ್ಮೆ ನೋಡಿ ನಕ್ಕುಬಿಟ್ಟರು. "ಭೋಂಗಾನ ಇರ್ಲಿ. ಕೆಳಗ ಸಣ್ಣಂಗ ನಮ್ಮದೂ ಒಂದ ಹೆಸರು."

"ಸಣ್ಣಂಗ ಯಾಕ್ರಿ? ಹಿಂದಿನ ಬಾಜೂಕ ದೊಡ್ಡದಾಗೇ ಹಾಕೂಣು."

ಬಸ್ಸಿನಲ್ಲಿ ತಿರುಗಿ ಬರುವಾಗ ಕೇಳಿದೆ, ಕರೆಂಟು ಹೋಗುವ ಹೊತ್ತು ನೋಡಿಯೇ ಅವರನ್ನು ಕರೆದಿರೇನು ಎಂದು. ಕಾಕು ಕಿಟಕಿಯ ಹೊರಗೆ ನೋಡುತ್ತಿದ್ದರು. "ಹಳಿಯಾಳದ ಬಾಗಿಲಾಗ ಒಂದ ವಾರ ಸುಮ್ನ ಕುಂತಿದ್ನೇನು?" ಎಂದರು. ಈ ದಿನದ ಬಗ್ಗೆ ನನ್ನ ದಿನಚರಿಯಲ್ಲಿ ಏನಿದೆಯೆಂದು ಮೊನ್ನೆ ತೆಗೆದು ನೋಡಿದೆ. 'ಹಳಿಯಾಳಕ್ಕೆ ಹೋಗಿದ್ದೆವು. ವಿಪರೀತ ಸೆಕೆ.' ಅಷ್ಟೇ. ಉಳಿದ ಮಾತುಗಳನ್ನು ಕಾಕುವೇ ಎಷ್ಟೋ ಸಲ ಹೇಳಿ ನನ್ನಲ್ಲಿ ಊರಿದ್ದೂ ಇರಬಹುದು. ಆದರೆ ಆ ಸೆಕೆ ಸುಳ್ಳಲ್ಲ.

ಮೊದಲ ಪೆಟ್ಟಿಗೆಗಳಿಗೆ ಚೀಟಿ ಹಚ್ಚಿದ್ದು ನಾವಿಬ್ಬರೇ. ಹೆಸರು ಮೇಲಿತ್ತು, ನೆಟ್ಟಗಿತ್ತು. ಆಮೇಲೆ ಚೀಟಿ ಹಚ್ಚಲು ಮಂದಿ ಬಂದರು. ಹುಬ್ಬಳ್ಳಿಯಲ್ಲಿ ಎರಡು ಕೋಣೆಯ ಆಫೀಸಾಯಿತು, ಆ ಎರಡು ಕೋಣೆ ಇಡೀ ಮಹಡಿಯಾಯಿತು, ಹೆಸರಿನ ಹಿಂದೆ ಪ್ರೈವೇಟ್ ಲಿಮಿಟೆಡ್ ಸೇರಿತು. ಬೆಳಗಾವಿ, ಧಾರವಾಡ, ಗೋವಾದಿಂದ ಆಟ ಮಾಡುವವರು ತಮ್ಮ ಸೀಡಿ ಹಿಡಿದು ಬರತೊಡಗಿದರು. ಅವರು ತೋರಿಸುತ್ತಿರುವಾಗಲೇ ಕಾಕು ಎದ್ದು ಹೋಗಿ ಮೇನ್ ಸ್ವಿಚ್ ಆರಿಸಿಬಿಡುತ್ತಿದ್ದರು. ಮತ್ತೆ ಹಚ್ಚಿದಾಗ ಆಟ ಎಲ್ಲಿ ನಿಂತಿದೆ ಎಂದು ನೋಡಿಯೇ ಮುಂದಿನ ಮಾತು. ಹೊಸಬರಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಇಳಿಸಿಕೊಂಡು ತಿದ್ದಿ ತಂದವರ ಆಟಗಳು ಭೋಂಗಾದ ಹೆಸರಿನಲ್ಲಿ ಹೊರಬಂದವು.

ನಾನು ಅಷ್ಟರಲ್ಲಿ ಧಾರವಾಡದಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದ್ದೆ. ಹೋಗಬೇಡ ಎಂದು ಕಾಕು ಅನ್ನಲಿಲ್ಲ. "ಹುಡುಗ್ರಿಗೆ ಅವ್ವಗ ಹೇಳಿದಂಗ ಹೇಳು," ಎಂದರು. ಇಂದಿಗೂ ತರಗತಿಯಲ್ಲಿ ವಾಕ್ಯ ಉದ್ದವಾದಾಗ ಎಲ್ಲೋ ಭೋಂಗಾ ಆಗುತ್ತದೆ.

ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು. ಸೀಡಿ ಕೇಳುವವರು ಕಡಿಮೆಯಾದರು. ದೂರದ ಒಂದು ದೊಡ್ಡ ಕಂಪನಿ ಭೋಂಗಾವನ್ನು ತನ್ನೊಳಗೆ ಸೇರಿಸಿಕೊಂಡಿತು. ಕೆಲಸದವರನ್ನು ಉಳಿಸಿಕೊಂಡಿತು, ಹೆಸರನ್ನು ಉಳಿಸಿಕೊಳ್ಳಲಿಲ್ಲ. ಕಾಕು ಫೋನಿನಲ್ಲಿ ಹೇಳಿದರು, "ಹೆಸರ ತಗದ್ರು ತಂಗಿ... ಇರ್ಲಿ. ಮಂದಿಗೆ ಪಗಾರ ನಿಂತಿಲ್ಲ. ಮುದುಕಿ ಇನ್ನೂ ಬಸ್ಸಿನಾಗ ಅದಾಳ." ನಗುತ್ತಲೇ ಹೇಳಿದರು. ಆ ನಗುವಿನ ಹಿಂದೆ ಏನಿತ್ತೆಂದು ನಾನು ಊಹಿಸಬಲ್ಲೆ. ಆದರೆ ಊಹೆಯನ್ನು ನೆನಪೆಂದು ಬರೆಯಲಾರೆ.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ದಾಂಡೇಲಿಗೆ ಹೋದಾಗ ಕಾಕಾ ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು.

"ಮಧ್ಯಾಹ್ನ ಮಲ್ಕೊಂಡಿದ್ಲು ತಂಗಿ. ಗದ್ಲ ಆಗಬಾರದಂತ ನಾ ಟಿವಿ ದನಿ ಬಂದ್ ಮಾಡಿ ಕುಂತೆ. ಭಾಳ ಹೊತ್ತ ಕುಂತೆ..."



ಈ ಭಾನುವಾರ ಅಂಟು ತಣ್ಣಗಾದ ಮೇಲೆ ಪೆಟ್ಟಿಗೆಯ ಮುಖವನ್ನು ಒರೆಸಿ, ಚೀಟಿಯ ಹಿಂಬದಿಗೆ ತೆಳುವಾಗಿ ಸವರಿದೆ. ಮೊದಲ ಸಲ ಸೊಟ್ಟಗಾಯಿತು. ಕಿತ್ತು ಮತ್ತೆ ಹಚ್ಚಿದೆ. ಭೋಂಗಾ ಗೇಮ್ಸ್, ದಾಂಡೇಲಿ. ಅದರ ಮೇಲೆ ಅಂಗೈ ಊರಿಕೊಂಡು ಕೂತೆ. ನಮ್ಮ ಓಣಿಯಲ್ಲಿ ಯಾವ ಭೋಂಗಾವೂ ಇಲ್ಲ, ಇನ್ನು ಸಾಕು ತೆಗಿ ಎನ್ನುವವರೂ ಇಲ್ಲ. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ... ಹಾಲಿನವನು ಬಂದು ಗೇಟು ಬಡಿದಾಗ ಕೈ ತೆಗೆದೆ. ಹೆಸರು ಹಿಡಿದುಕೊಂಡಿತ್ತು.